ಹದ್ದು ಎರಡು

ಎಕ್ಸ್‌ರೇ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅಕ್ಕ-ತಂಗಿ ಕೂತಿದ್ದರು. ಅಕ್ಕನ ಬಲಗೈ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿತ್ತು, ಎಡಗೈಯಲ್ಲಿ ವಾಕಿಟಾಕಿ.

“ಬಚ್ಚಲಲ್ಲಿ ಜಾರಿ ಬಿದ್ದಾಗ ಭಾವ ಮನೇಲಿರಲಿಲ್ವಾ?”

“ಹಾಲ್‌ನಲ್ಲೇ ಇದ್ರು. ಭೂಕಂಪ ಆದ್ರೆ ಫೋನ್ ಕೈಕೊಡುತ್ತೆ ಅಂತ ಮೂರು ವಾರದಿಂದ ಈ ವಾಕಿಟಾಕಿ ಕ್ಲಾಸಿಗೆ ಹೋಗ್ತಿದಾರಲ್ಲ, ಅದರ ಪಾಠ ಓದ್ತಾ ಕೂತಿದ್ರು.”

“ಕೂಗ್ಬೇಕಿತ್ತು.”

“ಬೀದಿಗೆಲ್ಲ ಕೇಳೋ ಹಾಗೆ ಕೂಗಿದೆ. ಬಾಗಿಲು ಒಂಚೂರು ತೆಗೆದು ಇದನ್ನ ಒಳಗೆ ಜಾರಿಸಿದ್ರು. ಆಪತ್ತಲ್ಲಿ ಕೂಗಾಡಬಾರದಂತೆ, ಇದರಲ್ಲೇ ಹೇಳಬೇಕಂತೆ.”

“ಹೇಳಿದ್ಯಾ?”

“ಕೈ ಮುರೀತು ಅಂದೆ. ಮೊದಲು ಹೆಸರು ಹೇಳು ಅಂದ್ರು.”

“ಇಪ್ಪತ್ತಾರು ವರ್ಷ ಸಂಸಾರ ಮಾಡಿ ಹೆಸರು ಗೊತ್ತಿಲ್ವಂತಾ?”

“ರೇಡಿಯೋದ ಹೆಸರು ಬೇರೆ ಕಣೇ. ಅವರು ಹದ್ದು ಒಂದು, ನಾನು ಹದ್ದು ಎರಡು. ಹೆಸರು ಹೇಳಿ, ವಿಷಯ ಹೇಳಿ, ಕೊನೇಲಿ ‘ಓವರ್’ ಅಂದ ಮೇಲೇ ಒಳಗೆ ಬಂದಿದ್ದು.”

“ಬಂದು?”

“ಧ್ವನಿ ಸ್ಪಷ್ಟವಾಗಿತ್ತು ಅಂತ ಮೆಚ್ಕೊಂಡ್ರು.”

ನರ್ಸ್ ಬಾಗಿಲಲ್ಲಿ ನಿಂತು ಹದಿನಾಲ್ಕನೇ ನಂಬರ್ ಕರೆದಳು. ಅಕ್ಕ ಎದ್ದರು. ಅಷ್ಟರಲ್ಲಿ ವಾಕಿಟಾಕಿ ಗೊರಗುಟ್ಟಿತು.

“ಲೇ, ಎಲ್ಲಿದೀಯೇ? ಕಾರು ನಿಲ್ಲಿಸಿ ಬರೋಷ್ಟರಲ್ಲಿ ದಾರಿ ತಪ್ಪಿದೆ. ಇಲ್ಲಿ ಫೋನೂ ಸಿಗ್ತಿಲ್ಲ. ಯಾವ ಮಹಡಿ ಅಂತ ಬೇಗ ಹೇಳೇ.”

“ಪಾಪ, ಹೇಳಕ್ಕ.”

“ಯಾರೋ ಏನೋ. ಹೆಸರೂ ಹೇಳ್ಲಿಲ್ಲ, ಓವರ್ರೂ ಅನ್ಲಿಲ್ಲ,” ಎಂದು ಅಕ್ಕ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದರು.