ಒಂದ್ ಗ್ವಾಡಿ ಬೆಳ್ಳಗ

ಕೊಪ್ಪಳದ ಮಕ್ಕಳ ದವಾಖಾನೆಯಲ್ಲಿ ಪಾಳಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಗಂಡ ಹೆಂಡತಿ. ಅವಳ ತೊಡೆಯ ಮೇಲೆ ಕೆಮ್ಮಿ ಕೆಮ್ಮಿ ಮಲಗಿದ ಮಗಳು, ಅವನ ಕೈಯಲ್ಲಿ ಬಣ್ಣದ ಅಂಗಡಿಯ ಶೇಡ್ ಕಾರ್ಡು.

"ಈ ಸಲ ಡಾರ್ಕ್ ಹಚ್ಚಿಸೋಣ. ಈ ಕಾಫಿ ಬಣ್ಣ ನೋಡು."

"ಬ್ಯಾಡ್ರಿ, ಮನಿ ಗವಿ ಆಗ್ತೈತಿ. ಲೈಟ್ ಇರ್ಲಿ."

"ಹೋದ್ ವರ್ಷ ನಿನ್ ಮಾತು ಕೇಳಿ ಕ್ರೀಮ್ ಕಲರ್ ಹಚ್ಚಿಸಿದ್ವಿ. ಫ್ಯಾಕ್ಟ್ರಿ ಧೂಳಿಗೆ ತಿಂಗಳಾಗ ಕರ್ರಗಾತು."

"ದಿನಾ ಒರಸ್ತೀನಲ್ರಿ."

"ಒರಸಿದ್ರ ಬಣ್ಣಾನ ಕಿತ್ತು ಬರ್ತೈತಿ. ಡಾರ್ಕ್ ಆದ್ರ ಧೂಳರ ಕಾಣಂಗಿಲ್ಲ."

"ಕಾಣಲಿಲ್ಲಂದ್ರ ಬೀಳೋದು ನಿಲ್ತೈತೇನ್ರಿ?"

"ನಿಲ್ಲಂಗಿಲ್ಲ. ಮನಿ ಮಾರ್ತೀನಂದ್ರ ಆ ಧೂಳಿನಾಗ ಯಾರ್ ಬರ್ತಾರ? ನನಗ ನೋಡಿ ನೋಡಿ ಸಾಕಾಗೇತಿ."

ಅವಳು ಅವನ ಕೈಯಿಂದ ಶೇಡ್ ಕಾರ್ಡು ತೆಗೆದುಕೊಂಡಳು.

"ಆತು, ಡಾರ್ಕ್ ಹಚ್ಚಿಸ್ರಿ. ಮೇಘಾ ಮಲಗೋ ಕಡಿ ಒಂದ್ ಗ್ವಾಡಿ ಅಷ್ಟ ಬೆಳ್ಳಗ ಇರ್ಲಿ."

"ಒಂದ್ ಗ್ವಾಡಿ ಯಾಕ?"

"ಮುಂಜಾನಿ ಎದ್ದು ನೋಡಿದ್ರ, ಅಕಿ ಎದಿಯಾಗ ಎಷ್ಟು ಧೂಳು ಹೋಗೇತಿ ಅಂತ ಗೊತ್ತಾಗ್ತೈತಿ."

ಒಳಗಿನಿಂದ ಮೇಘಾಳ ಹೆಸರು ಕೂಗಿದರು. ಅವನು ಮಗಳನ್ನು ಎತ್ತಿಕೊಂಡ. ಅವಳು ಶೇಡ್ ಕಾರ್ಡನ್ನು ಮಡಚಿ, ಎಕ್ಸ್‌ರೇ ಕವರಿನೊಳಗೆ ಹಾಕಿಕೊಂಡು, ಅವನ ಹಿಂದೆ ಹೋದಳು.