ಟೊಮೆಟೊ ಕೊಯ್ಯಲು ಒಂದು ಸಹಿ

ದುಬೈನ ವೀಸಾ ಕೇಂದ್ರದಲ್ಲಿ ನನ್ನ ಪಕ್ಕ ಕೂತಿದ್ದ ಗಂಡ ಹೆಂಡತಿಯ ಮಾತಿದು. ಆಕೆ ದುಬೈಯಲ್ಲಿದ್ದದ್ದು ಗಂಡನ ವೀಸಾದ ಮೇಲೆ, ಹಾಗಾಗಿ ಆಕೆಯ ಅರ್ಜಿಗೆ ಆತನ ಒಪ್ಪಿಗೆ ಪತ್ರ ಬೇಕಿತ್ತು. ಪತ್ರ ಆತನ ಕೈಯಲ್ಲೇ ಇತ್ತು, ಸಹಿ ಬಿದ್ದಿರಲಿಲ್ಲ.

“ಸಂಬಳ ಇಲ್ಲದೆ ಐಸ್‌ಲ್ಯಾಂಡಿಗೆ ಹೋಗಿ ಟೊಮೆಟೊ ಕೊಯ್ಯುವುದಾ ವಸಂತಿ?”

“ಹೌದು. ಹೊರಗೆ ಹಿಮ, ಗಾಜಿನ ಮನೆಯೊಳಗೆ ಭೂಮಿಯ ಬಿಸಿನೀರಿನ ಕಾವಿಗೆ ಗಿಡ ಬೆಳೀತದಂತೆ.”

“ಇಲ್ಲಿಯ ಬಿಸಿ ಸಾಲದಾ ಮಾರಾಯ್ತಿ?”

“ಇಲ್ಲಿ ಇಪ್ಪತ್ತು ವರ್ಷ ಎಸಿಯೊಳಗೇ ಕೂತೆ.”

“ಎರಡು ತಿಂಗಳು ನನ್ನ ಊಟ?”

“ನಮ್ಮ ಮುರಕ್ಕಬಾತ್ ಬೀದಿಯಲ್ಲಿ ಹೋಟೆಲ್ ಕಮ್ಮಿಯಾ?”

“ನಾನು ಸಹಿ ಹಾಕದಿದ್ದರೆ?”

“ಊರಿಗೆ ಹೋಗ್ತೇನೆ. ಅದಕ್ಕೆ ನಿಮ್ಮ ಸಹಿ ಬೇಡ. ಮತ್ತೆ ಬರುವುದೂ ಇಲ್ಲ.”

ಅವರ ಟೋಕನ್ ಸಂಖ್ಯೆ ಕೂಗಿದರು. ಆಕೆ ಎದ್ದು ನಡೆದೇಬಿಟ್ಟಳು. ಆತ ಮೊಣಕಾಲ ಮೇಲೆ ಕಾಗದವಿಟ್ಟು ಸಹಿ ಹಾಕಿ, ಬೇಗ ಬೇಗ ಹಿಂದೆಯೇ ಹೋದ.