ಸುಂಕಲಮ್ಮನ ಬಿಲ್ಲೆ

“ಹಲೋ… ಹಲೋ… ಯಾರು ಮಾತಾಡೋದು? ಚಿಪ್ಪಗಿರಿ ಪೋಸ್ಟಾಫೀಸೇನ್ರಿ?”

ಗಂಗಕ್ಕ ರಿಸೀವರನ್ನು ತಲೆಕೆಳಗಾಗಿ ಹಿಡಿದಿದ್ದಳು. ನರ್ಸ್ ಜಯಾಬಾಯಿ ಅದನ್ನು ತಿರುಗಿಸಿ ಕೊಟ್ಟಳು. ಆದೋನಿಯ ಆ ಆಸ್ಪತ್ರೆಯಲ್ಲಿ ಫೋನು ಇದ್ದದ್ದು ಆಪರೇಷನ್ ಕೋಣೆಯ ಹೊರಗಿನ ಮೇಜಿನ ಮೇಲೆ. ಪಕ್ಕದಲ್ಲೇ ಗಾಲಿ ಮಂಚದ ಮೇಲೆ ಗಂಗಕ್ಕನ ಕಿರಿಮಗಳು ಮೂಕಮ್ಮ, ಹಸಿ ಬಾಣಂತಿ, ಕೊರಳಿನ ಬೆಳ್ಳಿ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು ಮಲಗಿದ್ದಳು. ಕೆಳಗೆ ಹಾಸಿದ್ದ ಬಟ್ಟೆ ಮತ್ತೆ ಕೆಂಪಾಗಿತ್ತು.

“…ಹಾಂ, ಸೇತುಮಾಧವ ಸ್ವಾಮಿಗಳಾ? ನಮಸ್ಕಾರ್ರಿ. ನಮ್ಮ ತಮ್ಮ ಭೀಮಲಿಂಗ ಬಂದಾನೇನ್ರಿ? … ಮುಂಜಾನಿಂದ ನಿಮ್ಮ ಕಟ್ಟಿಮ್ಯಾಲ ಕುಂತಾನಾ? ಕೊಡ್ರಿ ಸ್ವಾಮಿ, ಲಗೂನ ಕೊಡ್ರಿ.”

ಭೀಮಲಿಂಗಪ್ಪ ಗಂಗಕ್ಕನಿಗೆ ಒಡಹುಟ್ಟಿದ ತಮ್ಮನೂ ಹೌದು, ಅಳಿಯನೂ ಹೌದು. ಮೊದಲು ಹಿರಿಮಗಳು ಸುಂಕಲಮ್ಮನನ್ನು ಅವನಿಗೆ ಕೊಟ್ಟಳು. ಆಕೆ ಬಾಣಂತನದಲ್ಲಿ ಸತ್ತಳು. ನಂಟು ಹರಿಯಬಾರದೆಂದು ಕಿರಿಯವಳನ್ನೂ ಅವನಿಗೇ ಕೊಟ್ಟಳು. ಸತ್ತವಳು ಸವತಿಯಾಗಿ ಕಾಡಬಾರದಲ್ಲ, ಅದಕ್ಕೆ ಅವಳ ಹೆಸರಿನದೊಂದು ಬಿಲ್ಲೆ ಮಾಡಿಸಿ ಎರಡನೆಯವಳ ಕೊರಳಿಗೆ ಕಟ್ಟಿದರು. ಹೊಸ ಸೀರೆ ತಂದರೆ ಮೊದಲು ಬಿಲ್ಲೆಗೆ ತೋರಿಸಬೇಕು, ಆಮೇಲೆ ಉಡಬೇಕು. ಅಕ್ಕನೇ ಸವತಿ, ಸವತಿಯೇ ದೆವ್ವ. ಇಂಥ ನಂಟಸ್ತಿಕೆ ಹಗೆಯವನಿಗೂ ಬೇಡ.

“…ತಮ್ಮಾ, ನಾನಪ್ಪ, ಅಕ್ಕ. ಕೇಳಸ್ತೈತಿಲ್ಲ? … ಹಾಂ, ಜೀವ ಐತಿ. ಕೂಸು ಚೊಲೋ ಐತಿ. ಮೂಕಿಗೆ ಜ್ವರ ಇಳದಿಲ್ಲ. ರಕ್ತ ನಿಲ್ಲವಲ್ಲದು.”

“…ಬ್ಯಾಡ! ದೆವ್ವ ಬಿಡಸೋ ಮಲ್ಲಯ್ಯನ್ನ ಕರಕೊಂಡು ಬರಬ್ಯಾಡ. ಬೇವಿನ ಬರಲೂ ಬ್ಯಾಡ, ನಿಂಬಿಹಣ್ಣೂ ಬ್ಯಾಡ. ಮೊದಲ ನನ್ನ ಮಾತು ಕೇಳು.”

“…ಅಂದ್ಲು, ಖರೇನ. ‘ಅಕ್ಕ ಬಾಗಲಾಗ ನಿಂತಾಳ’ ಅಂತ ನಿನ್ನಿ ಅಂದ್ಲು. ಜ್ವರದಾಗ ಅಂದ್ಲಪ್ಪ. … ನನಗಾ? ನನಗೇನೂ ಕಾಣಲಿಲ್ಲ.”

ಇದು ಅರ್ಧ ಸುಳ್ಳು. ಮಗಳು ಬೆರಳು ತೋರಿಸಿದ ಕಡೆ ಗಂಗಕ್ಕನೂ ನೋಡಿದ್ದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಆದರೂ ಆಮೇಲೆ ಆ ಬಾಗಿಲು ದಾಟುವಾಗಲೆಲ್ಲ, ಅಲ್ಲಿ ನಿಂತವರಿಗೆ ಮೈ ತಾಕಬಾರದು ಎಂಬಂತೆ ಓರೆಯಾಗಿ ದಾಟುತ್ತಿದ್ದಳು.

“…ಮಿಷಿನ್ನಾಗ ನೋಡ್ಯಾರಪ್ಪ. ಸ್ಕ್ಯಾನ್ ಅಂತ, ಇಲ್ಲಿ ಹೊಸದಾಗಿ ಬಂದೈತಿ. … ಅಲ್ಲ, ಎಕ್ಸರೇ ಅಲ್ಲ. ಹೊಟ್ಟಿಮ್ಯಾಲ ತಣ್ಣಂದು ಅಂಟು ಹಚ್ಚಿ ಏನೋ ಇಟ್ಟು ಆಡಸ್ತಾರ. ಬಾಜೂಕ ಸಣ್ಣ ಟಿ.ವಿ. ಐತಿ, ಅದರಾಗ ಒಳಗಿಂದು ಕಾಣತೈತಿ. ನನಗೂ ಕರದು ತೋರಿಸಿದ್ರು. ಬೂದಿ ಚೆಲ್ಲಿದಂಗಿತ್ತು. ಬೂದ್ಯಾಗ ಬೆಳ್ಳಂದೊಂದು ಗಂಟು.”

“…ಗಂಟಂದ್ರ ಮಾಟದ ಗಂಟಲ್ಲೋ! ‘ಮಾಯ ಮುಕ್ಕ ಲೋಪಲ ಉಂಡಿಪೋಯಿಂದಮ್ಮಾ’ ಅಂದ್ಲು ಡಾಕ್ಟರಮ್ಮ. ಮಾಸಿನ ಚೂರು, ತಿಳೀತಿಲ್ಲ? ಹೆರಿಗ್ಯಾಗ ಮಾಸು ಪೂರಾ ಬಿದ್ದಿಲ್ಲ. ಒಂದು ಚೂರು ಒಳಗ ಕುಂತು ಕೊಳತೈತಿ. ಜ್ವರ ಅದರದು, ರಕ್ತ ಅದರದು. ಮತ್ಯಾರದೂ ಅಲ್ಲ.”

“…ಹಾಂ, ಮತ್ತು ಬರಂಗ ಸೂಜಿ ಹಾಕಿ ತೆಗೀತಾರ. ಈಗಿಂದೀಗ ತೆಗದ್ರ ಉಳೀತಾಳ ಅಂದಾರ. ಆದ್ರ ಇಕಿ ಒಳಗ ಹೋಗವಲ್ಲಳು. … ಬಿಲ್ಲಿ ಸಲುವಾಗಿ! ಆಪರೇಷನ್ ಕ್ವಾಣ್ಯಾಗ ಮೈಮ್ಯಾಲ ಬೆಳ್ಳಿ ಬಂಗಾರ ಇರಬಾರದಂತ. ಮೂಗುಬಟ್ಟು ಕೊಟ್ಲು, ಕಾಲುಂಗ್ರ ಕೊಟ್ಲು. ಬಿಲ್ಲಿಗೆ ಕೈ ಹಚ್ಚಿದ್ರ ಒದ್ದಾಡ್ತಾಳ. ಒದ್ದಾಡಿದಷ್ಟೂ ರಕ್ತ ಹೊಂಟೈತಿ. ‘ಮಾವ ಹೇಳಿದ್ರ ಬಿಡ್ತೀನಿ’ ಅಂತಾಳ. ಇದನ್ನ ತೆಗದ್ರ ನಿಮ್ಮಕ್ಕ ನಿನ್ನ ಒಯ್ತಾಳ ಅಂತ ನೀನ ಅಲ್ಲೇನು ಹೇಳಿ ಹೋದಾವ? ಈಗ ನೀನ ಹೇಳು. ತೆಗಿ ಅನ್ನು.”

“…ತಮ್ಮಾ? … ಏನಂದಿ?”

“…ಸುಂಕಿಗೂ ಇದ ಆಗಿತ್ತೇನಂತೀಯಾ?”

ಆ ಟಿ.ವಿ.ಯಲ್ಲಿ ಬೂದಿ ಬಣ್ಣ ಕಂಡ ಗಳಿಗೆಯಿಂದ ಈ ಮಾತು ಗಂಗಕ್ಕನ ಗಂಟಲಲ್ಲೇ ಕುಳಿತಿತ್ತು. ಸುಂಕಲಮ್ಮನಿಗೂ ಹೀಗೇ ಜ್ವರ, ಹೀಗೇ ರಕ್ತ, ಹೀಗೇ ಬಡಬಡಿಕೆ. ಗೋನೆಗಂಡ್ಲದ ತವರುಮನೆಯಲ್ಲಿ, ಗಂಗಕ್ಕನ ಕಣ್ಣೆದುರಿಗೇ. ಗಾಳಿ ಹಿಡಿದಿದೆ ಎಂದು ಇದೇ ಮಲ್ಲಯ್ಯನನ್ನು ಕರೆಸಿ, ಬೇವಿನ ಬರಲಿನಿಂದ ಬಾಣಂತಿಯನ್ನು ಹೊಡೆಸಿದ್ದರು. ಮಗಳು ಏಳದ ಹಾಗೆ ಭುಜ ಒತ್ತಿ ಹಿಡಿದದ್ದು ಗಂಗಕ್ಕನೇ. ಗಾಳಿ ಗುದ್ದಿ ಮೈ ನೋಯಿಸಿಕೊಂಡರು ಎನ್ನುತ್ತಾರೆ. ಇಲ್ಲಿ ಗುದ್ದಿದ್ದು ಗಾಳಿಯನ್ನು, ನೊಂದದ್ದು ಸುಂಕಲಮ್ಮನ ಮೈ. ಈಗ ಮಿಷಿನ್ ಬಂದಿದೆ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

“…ಕೇಳಿದೆ. ಡಾಕ್ಟರಮ್ಮನ್ನ ನಾನೂ ಕೇಳಿದೆ. ‘ಹಿರೇಕಿಗೂ ಹಿಂಗ ಆಗಿತ್ತು, ಅದೂ ಇದ ಏನವಾ’ ಅಂತ. ‘ನೋಡದ ಹೆಂಗ ಹೇಳ್ಲಿ’ ಅಂದ್ಲು. ಹಂಗಂದು ನನ್ನ ಕೈ ಹಿಡಕೊಂಡ್ಲು. … ಹೂಂನಪ್ಪ. ನನಗೂ ಹಂಗ ಅನಸ್ತೈತಿ. … ಅಳಬ್ಯಾಡ. ಸ್ವಾಮಿಗಳ ಮುಂದ ಅಳಬ್ಯಾಡೋ.”

“…ಆಕಿ ಯಾರನ್ನೂ ಹಿಡದಿಲ್ಲೋ ತಮ್ಮಾ. ಸತ್ತಾಕಿ ಮ್ಯಾಲ ನಾವ ಅಪವಾದ ಹೊರಿಸೀವಿ. ಕಂಕುಳಾಗ ಎತ್ತಿ ಆಡಿಸಿದ ತಂಗೀನ ಒಯ್ತಾಳೇನು ಆಕಿ? … ಹಾಂ? ಹೇಳ್ತೀ ಅಲ್ಲ? ತೆಗಿ ಅಂತ ಹೇಳ್ತೀ ಅಲ್ಲ? ತಡಿ, ಫೋನ್ ಮೂಕಿ ಕಿವಿಗೆ ಇಡ್ತೀನಿ, ನೀನ… ಹಲೋ? ತಮ್ಮಾ? … ಹಲೋ?”

ಲೈನು ಕಡಿದಿತ್ತು. ಮತ್ತೆ ಟ್ರಂಕ್ ಕಾಲ್ ಬುಕ್ ಮಾಡಿದರೆ ಯಾವಾಗ ಸಿಗುತ್ತದೋ ದೇವರೇ ಬಲ್ಲ. ಒಳಗಿನಿಂದ ಡಾಕ್ಟರ್ ಕರೆಯುತ್ತಿದ್ದರು. ಜಯಾಬಾಯಿ ಫೋನಿಗಾಗಿ ಕೈ ಚಾಚಿದಳು. ಮೂಕಮ್ಮ ಕಣ್ಣು ಬಿಟ್ಟು ಅವ್ವನ ಬಾಯನ್ನೇ ನೋಡುತ್ತಿದ್ದಳು. ಗಂಗಕ್ಕ ಫೋನು ಕೊಡಲಿಲ್ಲ. ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಅದರೊಳಗೆ ಬರೀ ಸುಂಯ್ ಎನ್ನುವ ಸದ್ದು.

“…ಹಾಂ. ಹೇಳು. … ತೆಗಿ ಅಂತೀಯಾ? … ಒಯ್ಯಂಗಿಲ್ಲಲ್ಲ? ನನ್ನ ಮ್ಯಾಲ ಆಣಿ ಮಾಡು. … ಆತು. ತೆಗೀತೀನಿ.”

ಮೂಕಮ್ಮನ ಮುಷ್ಟಿ ಸಡಿಲವಾಯಿತು. ಬಿಲ್ಲೆ ಗಂಗಕ್ಕನ ಅಂಗೈಗೆ ಬಂತು. ಜ್ವರದ ಮೈಯಲ್ಲಿದ್ದು ಅದೂ ಕಾದಿತ್ತು. ಮಂಚ ಒಳಗೆ ಹೋಯಿತು, ಬಾಗಿಲು ಮುಚ್ಚಿತು. ಆದರೂ ಅವಳು ಫೋನು ಇಡಲಿಲ್ಲ.

“…ಬಾಳ ಹೊಡದ್ವೇನವ್ವ ನಿನ್ನ, ಸುಂಕೀ?”